ಓರೆ ನೊಣ

ನಾನು ದೋಣಿಯ ಮೇಸ್ತ. ಕೋಡಿಬಾಗದಲ್ಲಿ ನಲವತ್ತು ವರ್ಷ
ಹಲಗೆಗೆ ಹಲಗೆ ಹೊಲಿದ ಕೈ.
ಬಂದೂಕಿನ ಗಂಧ ನನಗಿಲ್ಲ ಎಂದೆ.
ಸುಲಕ್ಷಾ ಕೇಳಬೇಕಲ್ಲ,
ತಾಂಡೇಲನ ಮಗಳು, ಹನ್ನೆರಡನೆ ಕ್ಲಾಸು,
ಸಿಮೆಂಟಿನ ಚೀಲ ಬಿಚ್ಚಿ ನೆಲಕ್ಕೆ ಸುರಿದಳು:
ಒಂದು ನಳಿಗೆ,
ತುಕ್ಕು ತಿಂದ ಸ್ಪ್ರಿಂಗು,
ಬೆರಳಿಗೆ ಮುನಿಸಿಕೊಂಡ ಕುದುರೆ.
'ಗಾಳಿಯ ಬಂದೂಕು ಕಾಕಾ. ಕಾಗದಕ್ಕೆ ಹೊಡೆಯೋದು,
ಹತ್ತು ಮೀಟರು.
ಹೊಸದು ಬೇಕಂದ್ರೆ ಅಪ್ಪ
ಎರಡು ಹಂಗಾಮಿನ ಬಂಗಡೆ ಮಾರಬೇಕು.'

ಸಲಹೆಗೆ ಈ ಊರಲ್ಲಿ ಸುಂಕವಿಲ್ಲ.
ಕುಷ್ಟ ಗುನಗಿ ಬಂದ, ನೌಕಾನೆಲೆಯ ಆಯುಧದ ಕೋಣೆಯಲ್ಲಿ
ಸವೆದು ನಿವೃತ್ತನಾದವ:
ಮೊದಲು ನಳಿಗೆ ನೋಡು, ಬಿಸಿಲಿಗೆ ಹಿಡಿದು ನೋಡು,
ಶಂಖದ ಹೊಟ್ಟೆಯ ಹಾಗೆ ಒಳಗೆ ಗೆರೆ ಸುತ್ತಬೇಕು,
ಅದೊಂದು ಸರಿ ಇದ್ದರೆ ಮಿಕ್ಕಿದ್ದನ್ನು ಬೇಡಿ ತರಬಹುದು.
ಸ್ಪ್ರಿಂಗು ಹುಬ್ಬಳ್ಳಿಯಿಂದ ಬಂತು, ಬಸ್ಸಿನ ಕಂಡಕ್ಟರನ ಕೈಯಲ್ಲಿ.
ವಾಷರಿಗೆ ಬಸ್‌ಸ್ಟ್ಯಾಂಡಿನ ದುರ್ಗಪ್ಪ
ಯಾರದೋ ಬೆಲ್ಟು ಕತ್ತರಿಸಿದ.
ಎಣ್ಣೆಯಲ್ಲಿ ನೆನೆಸು ಅಂದ, ಯಾವ ಎಣ್ಣೆ ಅನ್ನಲಿಲ್ಲ.
ನಮ್ಮಲ್ಲಿರೋದು ಒಂದೇ,
ದೋಣಿಗೆ ಬಳಿಯುವ ಮೀನೆಣ್ಣೆ.
ಮೂರು ದಿನ ಬೈತಖೋಲದ ಬೆಕ್ಕುಗಳೆಲ್ಲ
ಹುಡುಗಿಯ ಹಿಂದೆ ಮೆರವಣಿಗೆ.
ಅವಳವ್ವ ಕೇಳಿದ್ದು ಇಷ್ಟೇ:
'ಬಣ್ಣ ಯಾವುದು ಬಳೀತೀರಿ?'

ಮರ ನನ್ನ ಪಾಲು.
ಸಾಗವಾನಿ ತೂಕ, ಹಲಸು ಮೆದು,
ಮಾವು ಮಳೆಗಾಲದಲ್ಲಿ ಮಾತು ತಪ್ಪುತ್ತದೆ.
ಒಡೆದ ದೋಣಿಯದೊಂದು ಉಂಡಿಯ ತುಂಡಿತ್ತು,
ಇಪ್ಪತ್ತು ವರ್ಷ ಉಪ್ಪು ಕುಡಿದದ್ದು,
ಬಾಗುವುದನ್ನೆಲ್ಲ ಬಾಗಿ ಮುಗಿಸಿದ್ದು.
ದಾರ ಹಿಡಿದು ಅಳೆದೆ, ಮೊಣಕೈಯಿಂದ ಬೆರಳ ಗೆಣ್ಣಿಗೆ,
ಹೆಗಲಿಂದ ಕಣ್ಣಿಗೆ.
ಕೆನ್ನೆ ಒರಗುವಲ್ಲಿ ದಿಂಬಿನ ಹಾಗೆ ಉಬ್ಬು ಬಿಟ್ಟೆ.

ಮೊದಲನೆಯದು ಕೆಟ್ಟಿತು.
ಅವಳು ಎಡಗೈಯವಳು.
ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಎರಡನೆಯದನ್ನು ಹಲಸಿನಲ್ಲೇ ಮಾಡಿದೆ, ಇದ್ದದ್ದು ಅದೇ.
ಶಾರ್ಕಿನ ಚರ್ಮದಲ್ಲಿ ಉಜ್ಜಿ ಉಜ್ಜಿ
ಅರಿಶಿನ ಹಚ್ಚಿದ ತೋಳಿನ ಹಾಗಾಯಿತು.

ಕೂಡಿಸಿದ ದಿನ ದಸ್ತಗೀರ ಬಂದ,
ಕಡಲ ದಂಡೆಯ ಬಲೂನಿನ ಅಂಗಡಿಯವ.
ನಳಿಗೆ ಅವನದೇ, ನಾನೂರಕ್ಕೆ ಮಾರಿದ್ದ.
ತುದಿಯ ಮೊಳಕೆಯಂಥ ಗುರಿಗಡ್ಡಿಯನ್ನು
ಉಗುರಿನಿಂದ ಮುಟ್ಟಿದ, ನೊಣ ಅನ್ನುತ್ತಾನೆ ಅದಕ್ಕೆ.
'ಯಾರು ನೆಟ್ಟಗೆ ಮಾಡಿದ್ದು?'
ಗುನಗಿ ಎದೆಯುಬ್ಬಿಸಿ ನಾನು ಅಂದ.
ದಸ್ತಗೀರ ಮರಳು ನೋಡಿದ.
'ನಾನೇ ಬಗ್ಗಿಸಿದ್ದು. ಅಕ್ಕಿಕಾಳಿನಷ್ಟು ಎಡಕ್ಕೆ.
ಎಲ್ಲರಿಗೂ ಬಲೂನು ಒಡೆದರೆ ನನ್ನ ಒಲೆ ಉರಿಯೋದು ಹೆಂಗೆ?
ಈ ಹುಡುಗಿಯೊಬ್ಬಳೇ,
ಹನ್ನೊಂದರ ವಯಸ್ಸಿಂದ,
ಕೆಂಪು ಬೇಕಾದರೆ ಪಕ್ಕದ ಹಳದಿಯನ್ನು ನೋಡುತ್ತಿದ್ದಳು.'

ಬಲೆ ಒಣಗಿಸುವ ಶೆಡ್ಡಿನಲ್ಲಿ ಹತ್ತು ಮೀಟರು ಅಳೆದೆವು.
ಮರಳಿನ ಗೋಣಿ ಒಟ್ಟಿ, ಮೇಲೆ ಕಾಗದ.
ಐದು ಛರ್ರೆ ಹೊಡೆದಳು.
ಐದೂ ರೂಪಾಯಿಯ ಬಿಲ್ಲೆಯಲ್ಲಿ ಮುಚ್ಚುವಷ್ಟು ಹತ್ತಿರ,
ಐದೂ ಕಪ್ಪು ಚುಕ್ಕೆಯ ಎಡಕ್ಕೆ.

'ಮತ್ತೆ ಬಗ್ಗಿಸಿ ಕೊಡ್ಲಾ?' ದಸ್ತಗೀರ ಕೇಳಿದ.
ಗುನಗಿ ಬಾಯಿ ತೆರೆದ, ಮುಚ್ಚಿದ.
ನನಗೆ ಭೈರು ಹರಿಕಂತ್ರನ ದೋಣಿ ನೆನಪಾಯಿತು,
ಬಲಕ್ಕೆ ಎಳೆಯುತ್ತಿತ್ತು, ನಾನು ಸರಿಮಾಡಿ ಕೊಟ್ಟೆ,
ಮೂವತ್ತು ವರ್ಷ ಎಡಕ್ಕೆ ಒತ್ತಿದ ಅವನ ಕೈ
ಮರುದಿನವೇ ಅದನ್ನು ಕಾಳಿಯ ಬಾಯಿಯ ಮರಳ ದಿಬ್ಬಕ್ಕೆ ಏರಿಸಿತು.
ಹೇಳಬೇಕೆಂದುಕೊಂಡೆ.

'ಬೇಡ' ಅಂದಳು ಅವಳು, ಕಾಗದ ನೋಡುತ್ತ.
'ನೊಣ ಹಂಗೇ ಇರ್ಲಿ.'

ಆರನೆಯ ಛರ್ರೆ ಕೈಯಲ್ಲೇ ಇತ್ತು.
ಗೋಣಿಯ ಮೇಲೊಂದು ಬೆಕ್ಕು ಬಂದು ಕೂತಿತ್ತು,
ವಾಷರಿನ ವಾಸನೆಗೆ.
ನಳಿಗೆಯನ್ನು ನೆಲಕ್ಕೆ ತಗ್ಗಿಸಿ
ಅದು ಮೈನೆಕ್ಕಿ ಎದ್ದುಹೋಗುವವರೆಗೆ
ಕಾದಳು.